ಎದುರಿಗೆ ಕೂತವರಿಗೂ ಒಂದು ಪರದೆ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಸುರಪುರ, ಹುಣಸಗಿ, ಶಹಾಪುರ ಕಡೆಯವು. ಕೃಷ್ಣಾ ದಂಡೆಯ ತಿಂಥಣಿಯಿಂದಲೇ ಒಂದಕ್ಕಿಂತ ಹೆಚ್ಚು ಬಂದಿವೆ. ಕೇಳಿದವರ ಕಸುಬು ಬೇರೆ ಬೇರೆ. ತೊಡಕು ಮಾತ್ರ ಎಲ್ಲರದ್ದೂ ಒಂದೇ ಜಾತಿಯದು: ಒಂದು ಕಂಪ್ಯೂಟರಿಗೆ ಎರಡು ಪರದೆ ಜೋಡಿಸಿದ್ದಾರೆ, ಬೇಕಾದದ್ದು ಬೇಕಾದ ಪರದೆಯಲ್ಲಿ ತುಂಬಿ ನಿಲ್ಲುತ್ತಿಲ್ಲ. ಸೆಟ್ಟಿಂಗ್ ಹುಡುಕುವ ಮುಂಚೆ ಪ್ರತಿಯೊಬ್ಬರೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು. ಈ ಎರಡನೇ ಪರದೆಯನ್ನು ನೋಡುವವರು ಯಾರು? ಅವರು ಏನು ನೋಡಬೇಕು, ಏನು ನೋಡಬಾರದು? ಇದು ಖಚಿತವಾದರೆ ಯಾವ ಗುಂಡಿ ಒತ್ತಬೇಕು ಎಂಬುದು ಸುಲಭವಾಗಿ ಸಿಗುತ್ತದೆ.

ನಮಸ್ಕಾರ್ರೀ ಸರ. ತಿಂಥಣಿಯಾಗ ನಂದೊಂದು ಆನ್‌ಲೈನ್ ಸೇವಾ ಕೇಂದ್ರ ಅದ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಪಿಂಚಣಿ ಅರ್ಜಿ ಎಲ್ಲಾ ಮಾಡಿ ಕೊಡ್ತೀನ್ರಿ. ಹೆಸರು, ಸರ್ವೆ ನಂಬರು ತಪ್ಪಾಗಬಾರ್ದು ಅಂತ ಹಳೇ ಮಾನಿಟರೊಂದನ್ನ ಮಂದಿ ಕಡೆ ಮುಖ ಮಾಡಿ ಇಟ್ಟೀನಿ. ಅಂಗಡಿಯವರು ಒಂದು ಸಣ್ಣ ಡಬ್ಬಿ ಕೊಟ್ಟು ಒಂದೇ ಕೇಬಲ್‌ನಿಂದ ಎರಡೂ ಮಾನಿಟರಿಗೆ ಹಾಕ್ಯಾರ. ಈಗ ನಾ ಏನು ಮಾಡಿದ್ರೂ ಆ ಕಡೆನೂ ಕಾಣ್ತದ. ಒಬ್ಬರ ಆಧಾರ್ ಕಾರ್ಡ್ ಇನ್ನೊಬ್ಬರಿಗೆ ಕಾಣೂದು ಸರಿ ಅಲ್ಲ ಅನಿಸ್ತದ. ಎಕ್ಸ್‌ಟೆಂಡ್ ಮಾಡಾಕ ನೋಡಿದ್ರ ಆಗವಲ್ದು. ಬರೀ ಫಾರಂ ಅಷ್ಟ ಆ ಸ್ಕ್ರೀನ್ ತುಂಬ ಕಾಣಂಗ ಮಾಡಾಕ ಬರ್ತದೇನ್ರಿ?
— ಸೇವಾ ಕೇಂದ್ರ ನಡೆಸುವವರು, ತಿಂಥಣಿ

ಬರುತ್ತದೆ. ಅದಕ್ಕೂ ಮೊದಲು, ನಿಮ್ಮ ಮನಸ್ಸಿಗೆ ಬಂದ ಯೋಚನೆಗೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಮಾದರಿ ಇದೆ ಎಂದು ಹೇಳಬೇಕು. 2000ನೇ ಇಸವಿಯ ಆಸುಪಾಸಿನಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಕೇಂದ್ರಕ್ಕೆ ಹೋಗಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಸಿಬ್ಬಂದಿಯ ಕಡೆಗೊಂದು ಪರದೆ, ಕಿಟಕಿಯ ಈಚೆ ನಿಂತ ರೈತನ ಕಡೆಗೆ ಇನ್ನೊಂದು ಪರದೆ ಇಡುವ ವ್ಯವಸ್ಥೆ ಮಾಡಿದ್ದರು. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗಿನವರು ತಮ್ಮ ಕಣ್ಣಾರೆ ನೋಡಲಿ ಎಂಬುದೇ ಉದ್ದೇಶ. ಅದಕ್ಕೂ ಮುಂಚೆ ಈ ದಾಖಲೆಗಳು ಗ್ರಾಮ ಲೆಕ್ಕಿಗರ ಕೈಬರಹದ ವಹಿಗಳಲ್ಲಿ ಇರುತ್ತಿದ್ದವು. ಅವುಗಳನ್ನು ತೆರೆದು ನೋಡುವ ಅವಕಾಶ ಸಾಮಾನ್ಯ ರೈತನಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಆ ಎರಡನೇ ಪರದೆ ನನ್ನ ಮಟ್ಟಿಗೆ ಇಡೀ ಯೋಜನೆಯ ಬಹಳ ಒಳ್ಳೆಯ ಅಂಶಗಳಲ್ಲೊಂದು.

ಆದರೆ ಅಲ್ಲಿಗೂ ನಿಮ್ಮ ಮೇಜಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ನಡೆಯುತ್ತಿದ್ದದ್ದು ಜಮೀನು ದಾಖಲೆಯ ಕೆಲಸ. ನಿಮ್ಮಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೊಬೈಲಿಗೆ ಬಂದ ಒಟಿಪಿ ಎಲ್ಲವೂ ಅದೇ ಪರದೆಯ ಮೇಲೆ ಹಾದುಹೋಗುತ್ತವೆ. ನಿಮ್ಮ ಅಳುಕು ಸರಿಯಾದದ್ದೇ.

ಎಕ್ಸ್‌ಟೆಂಡ್, ಅಂದರೆ ಎರಡು ಪರದೆಯಲ್ಲಿ ಬೇರೆ ಬೇರೆ ಚಿತ್ರ ಬರುವುದು, ಯಾಕೆ ಆಗುತ್ತಿಲ್ಲ ಎಂದರೆ ಕಾರಣ ಆ ಡಬ್ಬಿ. ಅದರ ಹೆಸರು ಸ್ಪ್ಲಿಟರ್. ಬಂದ ಚಿತ್ರವನ್ನು ಎರಡು ಪ್ರತಿ ಮಾಡಿ ಕಳಿಸುವುದಷ್ಟೇ ಅದರ ಕೆಲಸ. ಕಂಪ್ಯೂಟರಿಗೆ ಅಲ್ಲಿ ಎರಡು ಮಾನಿಟರ್ ಇವೆ ಎಂಬುದೇ ತಿಳಿಯುವುದಿಲ್ಲ, ಹಾಗಾಗಿ ಯಾವ ಸೆಟ್ಟಿಂಗ್ ಬದಲಿಸಿದರೂ ಉಪಯೋಗವಿಲ್ಲ. ಡಬ್ಬಿ ತೆಗೆದುಬಿಡಿ. ಸಿಪಿಯು ಹಿಂಬದಿ ನೋಡಿ: ಸುಮಾರು ಹಳೆಯ ಡೆಸ್ಕ್‌ಟಾಪ್‌ಗಳಲ್ಲೂ ಒಂದು ವಿಜಿಎ, ಒಂದು ಎಚ್‌ಡಿಎಂಐ ಕಿಂಡಿ ಇರುತ್ತದೆ. ನಿಮ್ಮ ಮಾನಿಟರ್ ಒಂದಕ್ಕೆ, ಜನರ ಮಾನಿಟರ್ ಇನ್ನೊಂದಕ್ಕೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಎರಡೂ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಮದರ್‌ಬೋರ್ಡಿನ ಕಿಂಡಿಗಳು ಆಗ ಕೆಲಸ ಮಾಡದೇ ಇರಬಹುದು. ಆಮೇಲೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ.

ಈಗ ಫಾರಂ ತೋರಿಸುವ ಬಗೆ. ಸುಲಭದ ದಾರಿ ಹೀಗಿದೆ. ಅರ್ಜಿಯನ್ನು ನಿಮ್ಮ ಪರದೆಯಲ್ಲೇ ತುಂಬಿ. ಕೊನೆಯ ಸಲ್ಲಿಕೆಗೆ ಮುಂಚೆ ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಬಲಕ್ಕೆ ತಿರುಗಿದ ಬಾಣದ ಕೀ ಒತ್ತಿದರೆ ಆ ವಿಂಡೋ ಪಕ್ಕದ ಮಾನಿಟರಿಗೆ ಹಾರುತ್ತದೆ. ಅಲ್ಲಿ ಎಫ್ 11 ಒತ್ತಿ. ಬೇರೆ ಟ್ಯಾಬ್‌ಗಳ ಹೆಸರು, ವಿಳಾಸದ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಎಲ್ಲ ಮರೆಯಾಗಿ ಫಾರಂ ಮಾತ್ರ ಉಳಿಯುತ್ತದೆ. ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿ. ಎದುರಿಗೆ ಕೂತ ಅಜ್ಜ ಓದಿ, ಅಥವಾ ಅವರ ಮೊಮ್ಮಗಳು ಓದಿ ಹೇಳಿ, ಹೂಂ ಅಂದ ಮೇಲೆ ಮತ್ತೆ ಎಫ್ 11, ಮತ್ತೆ ಅದೇ ಕೀಗಳ ಜತೆ ಎಡ ಬಾಣ. ವಿಂಡೋ ನಿಮ್ಮ ಕಡೆಗೆ ವಾಪಸ್.

ತುಂಬುವಾಗಲೂ ಅವರು ನೋಡುತ್ತಿರಬೇಕು ಎಂಬುದು ನಿಮ್ಮ ಇಚ್ಛೆಯಾದರೆ ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ‘ವಿಂಡೋ ಕ್ಯಾಪ್ಚರ್’ ಎಂಬ ಆಯ್ಕೆಯಲ್ಲಿ ಅರ್ಜಿಯ ವಿಂಡೋ ಒಂದನ್ನೇ ಆರಿಸಿ, ಚಿತ್ರದ ಮೇಲೆ ಬಲಗಡೆಯ ಗುಂಡಿ ಒತ್ತಿ, ‘ಫುಲ್‌ಸ್ಕ್ರೀನ್ ಪ್ರೊಜೆಕ್ಟರ್’ನಲ್ಲಿ ಜನರ ಮಾನಿಟರ್ ಆರಿಸಿ. ಆ ವಿಂಡೋದ ಪ್ರತಿಬಿಂಬ ಮಾತ್ರ ಆ ಕಡೆ ಪರದೆ ತುಂಬ ನಿಲ್ಲುತ್ತದೆ. ನೀವು ಈ ಕಡೆ ಇನ್ನೊಂದು ವಿಂಡೋದಲ್ಲಿ ಯಾರದೋ ಆಧಾರ್ ತೆರೆದರೂ ಅಲ್ಲಿ ಕಾಣುವುದಿಲ್ಲ. ಅರ್ಜಿಗೆಂದೇ ಒಂದು ವಿಂಡೋ ಮೀಸಲಿಡಿ. ಅದರಲ್ಲಿ ಬೇರೆ ಟ್ಯಾಬ್ ತೆರೆಯಬೇಡಿ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೆಸರಿನ ಅಥವಾ ಮೊಬೈಲ್ ನಂಬರಿನ ಚೌಕದ ಮೇಲೆ ಒತ್ತಿದ ಕೂಡಲೇ ಬ್ರೌಸರ್ ಹಿಂದೆ ಬಂದುಹೋದವರ ಹೆಸರು, ನಂಬರುಗಳ ಪಟ್ಟಿ ಇಳಿಸುತ್ತದೆ. ಫುಲ್ ಸ್ಕ್ರೀನ್ ಮಾಡಿದರೂ ಅದು ಕಾಣುತ್ತದೆ. ಕ್ರೋಮ್‌ನ ಗೆಸ್ಟ್ ವಿಂಡೋದಲ್ಲಿ ಕೆಲಸ ಮಾಡಿದರೆ ಈ ಪಟ್ಟಿ ಬರುವುದೂ ಇಲ್ಲ, ಮುಚ್ಚಿದ ಮೇಲೆ ಹೊಸದು ಉಳಿಯುವುದೂ ಇಲ್ಲ.

ಮೌಸ್ ಬಾಣ ಆಗಾಗ ಆ ಕಡೆ ಜಾರಿಹೋಗಿ ಹುಡುಕಬೇಕಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಎಂದು ಎರಡು ಚೌಕ ಕಾಣುತ್ತವಲ್ಲ, ಎರಡನೆಯದನ್ನು ಎಳೆದು ಮೊದಲನೆಯದರ ಮೇಲಿನ ಬಲ ಮೂಲೆಗೆ ಮೂಲೆ ತಾಗುವಂತೆ ಇಡಿ. ಆಗ ಬಾಣ ಆ ಒಂದು ಮೂಲೆಯಿಂದ ಮಾತ್ರ ದಾಟುತ್ತದೆ, ತಾನಾಗಿ ಜಾರುವುದಿಲ್ಲ. ಕೆಲಸವಿಲ್ಲದಾಗ ಆ ಪರದೆಯಲ್ಲಿ ಯಾವ ಸೇವೆಗೆ ಎಷ್ಟು ಶುಲ್ಕ, ಯಾವ ಕಾಗದ ತರಬೇಕು ಎಂಬ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪಿಡಿಎಫ್ ಮಾಡಿ, ಬ್ರೌಸರಿನಲ್ಲಿ ತೆರೆದು ಎಫ್ 11 ಒತ್ತಿ ಬಿಡಿ. ಸರದಿಯಲ್ಲಿ ನಿಂತವರಿಗೆ ಅದೇ ಉಪಕಾರ.

ಕೆಲಸಕ್ಕೆ ‘ಬರಹ’ ತಂತ್ರಾಂಶ ಬಳಸುತ್ತೇನೆ. ಬ್ರೌಸರ್ ಫುಲ್ ಸ್ಕ್ರೀನ್ ಮಾಡಲು ಎಫ್ 11 ಒತ್ತಿದರೆ ಪರದೆ ತುಂಬುವ ಬದಲು ಭಾಷೆ ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ. ಏನು ಮಾಡಲಿ?
— ಡಿಟಿಪಿ ಮಾಡುವವರು, ಕೆಂಭಾವಿ

ಒಂದೇ ಕೀಗೆ ಇಬ್ಬರು ಒಡೆಯರಾಗಿದ್ದಾರೆ. ಭಾಷೆ ಬದಲಿಸಲು ನಿಮ್ಮಲ್ಲಿ ಎಫ್ 11 ಗೊತ್ತುಮಾಡಿದೆ, ಬ್ರೌಸರಿಗೆ ತಲುಪುವ ಮುಂಚೆಯೇ ‘ಬರಹ’ ಆ ಕೀಯನ್ನು ಹಿಡಿದುಕೊಳ್ಳುತ್ತದೆ. ಎಫ್ 11 ಬಿಟ್ಟುಬಿಡಿ. ಕ್ರೋಮ್‌ನ ಬಲ ತುದಿಯ ಮೂರು ಚುಕ್ಕೆ ಒತ್ತಿದರೆ ‘ಝೂಮ್’ ಎಂಬ ಸಾಲು ಕಾಣುತ್ತದೆ. ಅದೇ ಸಾಲಿನ ಕೊನೆಯ ಚೌಕದ ಗುರುತು ಫುಲ್ ಸ್ಕ್ರೀನಿನದು. ಹೊರಬರಲು ಮೌಸನ್ನು ಪರದೆಯ ಮೇಲಂಚಿಗೆ ಒಯ್ದರೆ ಗುಣಾಕಾರದ ಗುರುತು ಇಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಎಫ್ 11 ಒತ್ತಿದರೆ ಬೆಳಕೋ ಧ್ವನಿಯೋ ಬದಲಾಗುತ್ತಿದ್ದರೆ ಎಫ್‌ಎನ್ ಕೀ ಜತೆಗೂಡಿಸಿ ಒತ್ತಬೇಕು.

ಮೌನೇಶ್ವರ ಜಾತ್ರೆಯಲ್ಲಿ ಭಜನೆ, ತತ್ವಪದ ನಡೆಯುವಾಗ ದೊಡ್ಡ ಎಲ್‌ಇಡಿ ಪರದೆ ಹಾಕುತ್ತೇವೆ. ಲ್ಯಾಪ್‌ಟಾಪ್ ನಾನೇ ನೋಡಿಕೊಳ್ಳುವುದು. ವಿಡಿಯೋ ಒಮ್ಮೆ ಲ್ಯಾಪ್‌ಟಾಪಿನಲ್ಲೇ ತುಂಬಿಕೊಳ್ಳುತ್ತದೆ, ಒಮ್ಮೆ ಎಲ್‌ಇಡಿಯಲ್ಲಿ. ಮುಗಿದ ಕೂಡಲೇ ಡೆಸ್ಕ್‌ಟಾಪ್ ಕಾಣುತ್ತದೆ. ಒಂದು ಸಲ ನಡುವೆ ಯಾರದೋ ವಾಟ್ಸಾಪ್ ಮೆಸೇಜು ಅಷ್ಟು ದೊಡ್ಡದಾಗಿ ಬಂದುಬಿಟ್ಟಿತು. ಪದದ ಸಾಲುಗಳನ್ನು ಹಾಕಿದರೆ ಬಲಗಡೆಯ ಅಕ್ಷರ ಕತ್ತರಿಸಿಹೋಗುತ್ತವೆ. ಇದನ್ನೆಲ್ಲ ಸರಿಮಾಡುವುದು ಹೇಗೆ?
— ಭಜನಾ ಸಂಘದ ಯುವಕ, ತಿಂಥಣಿ

ಭಾರತ ಹುಣ್ಣಿಮೆಯ ಆಸುಪಾಸಿನ ಆ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಬರುತ್ತಾರೆ, ಸುತ್ತಲ ಜಿಲ್ಲೆಗಳಿಂದ ಜನ ಸೇರುತ್ತಾರೆ. ಹಿಂದೆ ಕೂತವರಿಗೆ ಹಾಡುವವರ ಮುಖ ಕಾಣಲಿ, ಪದ ಓದಲು ಸಿಗಲಿ ಎಂದು ಹಾಕುವ ಪರದೆ ಅದು. ಹಾಗಾಗಿ ನಿಮ್ಮ ಕಾಗದಕ್ಕೆ ವಿವರವಾಗಿಯೇ ಉತ್ತರ ಕೊಡುತ್ತೇನೆ.

ಅಕ್ಷರ ಕತ್ತರಿಸುವುದರಿಂದ ಶುರು ಮಾಡೋಣ, ಯಾಕೆಂದರೆ ಅದರ ಕಾರಣ ಲ್ಯಾಪ್‌ಟಾಪಿನಲ್ಲಿಲ್ಲ. ಎಲ್‌ಇಡಿ ಗೋಡೆ ಸಣ್ಣ ಸಣ್ಣ ಫಲಕಗಳನ್ನು ಕೂಡಿಸಿ ಕಟ್ಟಿದ್ದು. ಬಾಡಿಗೆಗೆ ಬರುವ ಪಿ 3.91 ಎಂಬ ಬಗೆಯಲ್ಲಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಫಲಕಕ್ಕೆ ಅಡ್ಡಕ್ಕೆ 128, ಉದ್ದಕ್ಕೆ 128 ಬೆಳಕಿನ ಚುಕ್ಕೆಗಳು. ಅಡ್ಡಕ್ಕೆ 8, ಎತ್ತರಕ್ಕೆ 5 ಫಲಕ ಕಟ್ಟಿದರೆ ಗೋಡೆ ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರವಾಯಿತು. ಆದರೆ ಚುಕ್ಕೆಗಳ ಲೆಕ್ಕದಲ್ಲಿ ಅದು 1024ಕ್ಕೆ 640 ಮಾತ್ರ. ಲ್ಯಾಪ್‌ಟಾಪ್ ಕಳಿಸುವುದು 1920ಕ್ಕೆ 1080ರ ಚಿತ್ರ. ನಡುವೆ ಇರುವ ಪ್ರೊಸೆಸರ್ ಪೆಟ್ಟಿಗೆ ಇಡೀ ಚಿತ್ರವನ್ನು ಕುಗ್ಗಿಸಿ ಕೂರಿಸಬೇಕು. ಹಾಗೆ ಕುಗ್ಗಿಸುವ ಸೌಲಭ್ಯ ಇಲ್ಲದ ಪೆಟ್ಟಿಗೆಯಾದರೆ, ಅಥವಾ ಅದನ್ನು ಆನ್ ಮಾಡದಿದ್ದರೆ, ಚಿತ್ರದ ಎಡ ಮೇಲಿನ ಮೂಲೆಯ 1024ಕ್ಕೆ 640 ಭಾಗ ಮಾತ್ರ ಗೋಡೆಗೆ ಬರುತ್ತದೆ. ನಿಮ್ಮ ಬಲಗಡೆಯ ಅಕ್ಷರ ಹೋಗುತ್ತಿರುವುದು ಹೀಗೆ. ಎಲ್‌ಇಡಿ ತಂದವರ ಬಳಿ ಫಲಕ ಎಷ್ಟು, ಪ್ರೊಸೆಸರಿನಲ್ಲಿ ಸ್ಕೇಲಿಂಗ್ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಪದಗಳನ್ನು ಆ ಅಳತೆಯೊಳಗೆ, ಎಡ ಮೇಲಿನ ಮೂಲೆಯಲ್ಲೇ ಕೂರುವಂತೆ ಬರೆದುಕೊಳ್ಳಬೇಕಾಗುತ್ತದೆ. ಮನೆಯ ಟಿವಿ ಜೋಡಿಸಿದಾಗ ನಾಲ್ಕೂ ಅಂಚು ಸ್ವಲ್ಪ ಸ್ವಲ್ಪ ಕತ್ತರಿಸುವುದು ಬೇರೆ ತೊಂದರೆ. ಅದು ಟಿವಿಯ ಚಿತ್ರದ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬುದನ್ನು ಆರಿಸಿದರೆ ಹೋಗುತ್ತದೆ.

ಇನ್ನು ವಿಡಿಯೋ. ವಿಎಲ್‌ಸಿ ಬಳಸುತ್ತೀರಿ ಎಂದುಕೊಳ್ಳುತ್ತೇನೆ. ಎಕ್ಸ್‌ಟೆಂಡ್ ಮಾಡಿದ ಮೇಲೆ ವಿಎಲ್‌ಸಿ ಯಾವ ಪರದೆಯಲ್ಲಿ ಇದೆಯೋ ಅಲ್ಲೇ ಫುಲ್ ಸ್ಕ್ರೀನ್ ಆಗುತ್ತದೆ. ಹಾಗಾಗಿ ಮೊದಲು ಕಿಟಕಿಯನ್ನು ಎಲ್‌ಇಡಿ ಕಡೆಗೆ ಎಳೆದು, ಆಮೇಲೆ ಎಫ್ ಒತ್ತಿ. ಮೊದಲೇ ಎಫ್ ಒತ್ತಿ ಆಮೇಲೆ ಎಳೆಯಲು ಹೋದರೆ ಕಷ್ಟ. ಪ್ರಿಫರೆನ್ಸಸ್‌ನಲ್ಲಿ ಮೂರು ಕಡೆ ಕೈಹಾಕಿ. ವಿಡಿಯೋ ಶುರುವಾಗುವಾಗ ಫೈಲಿನ ಹೆಸರು ಪರದೆಯ ಮೇಲೆ ಬರುವುದನ್ನು ‘ಸಬ್‌ಟೈಟಲ್ಸ್’ ವಿಭಾಗದಲ್ಲಿ ‘ಶೋ ಮೀಡಿಯಾ ಟೈಟಲ್’ ಎಂಬ ಗುರುತು ತೆಗೆದು ನಿಲ್ಲಿಸಬಹುದು. ‘ಇಂಟರ್‌ಫೇಸ್’ ವಿಭಾಗದಲ್ಲಿ ಫುಲ್ ಸ್ಕ್ರೀನಿನ ಕಂಟ್ರೋಲರ್ ತೋರಿಸುವ ಗುರುತು ತೆಗೆದರೆ ಮೌಸ್ ಅಲುಗಿದಾಗ ಗುಂಡಿಗಳ ಪಟ್ಟಿ ಏಳುವುದಿಲ್ಲ. ಅದೇ ವಿಭಾಗದಲ್ಲಿ ವಿಡಿಯೋದ ಕೊನೆಯ ಚಿತ್ರದಲ್ಲೇ ನಿಲ್ಲುವ ಆಯ್ಕೆ ಇದೆ. ಅದನ್ನು ಹಾಕಿದರೆ ಮುಗಿದ ಕೂಡಲೇ ಡೆಸ್ಕ್‌ಟಾಪ್ ಬಯಲಾಗುವುದಿಲ್ಲ. ಅಷ್ಟಾದ ಮೇಲೂ ಒಂದು ಮುಂಜಾಗ್ರತೆ ಬೇಕು: ಡೆಸ್ಕ್‌ಟಾಪಿನ ಹಿನ್ನೆಲೆಗೆ ಗುಡಿಯ ಚಿತ್ರವನ್ನೋ ಬರೀ ಕಪ್ಪು ಬಣ್ಣವನ್ನೋ ಹಾಕಿ, ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ‘ಎಲ್ಲಾ ಡಿಸ್‌ಪ್ಲೇಗಳಲ್ಲೂ ತೋರಿಸು’ ಎಂಬ ಅರ್ಥದ ಗುರುತು ತೆಗೆಯಿರಿ. ಎಲ್ಲವೂ ಕೈಕೊಟ್ಟರೂ ಜನರಿಗೆ ಕಾಣುವುದು ಆ ಹಿನ್ನೆಲೆ ಮಾತ್ರ.

ವಾಟ್ಸಾಪ್ ಮೆಸೇಜಿನ ವಿಷಯ. ವಿಂಡೋಸ್ 11ರಲ್ಲಿ ಸೂಚನೆಗಳ ಸೆಟ್ಟಿಂಗಿಗೆ ಹೋಗಿ ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ. ವಿಂಡೋಸ್ 10ರಲ್ಲಿ ಅದರ ಹೆಸರು ‘ಫೋಕಸ್ ಅಸಿಸ್ಟ್’. ಡಿಸ್‌ಪ್ಲೇ ಡೂಪ್ಲಿಕೇಟ್ ಆದಾಗ, ಆಪ್ ಫುಲ್ ಸ್ಕ್ರೀನಿನಲ್ಲಿದ್ದಾಗ ತಾನಾಗಿ ಸುಮ್ಮನಿರುವ ಆಯ್ಕೆಗಳೂ ಅಲ್ಲೇ ಇವೆ. ಆದರೆ ಅವನ್ನು ನಂಬಿ ಕೂರುವುದಕ್ಕಿಂತ ವಾಟ್ಸಾಪ್, ಮೇಲ್ ಇತ್ಯಾದಿಗಳಿಂದ ಹೊರಬಂದು, ಸಾಧ್ಯವಾದರೆ ಇಂಟರ್ನೆಟ್ಟನ್ನೇ ಕಡಿದು ಕೂರುವುದು ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಜಾತ್ರೆಗೆಂದೇ ಬೇರೆ ಯೂಸರ್ ಖಾತೆ ತೆರೆದಿಟ್ಟರೆ ಇನ್ನೂ ನಿಶ್ಚಿಂತೆ.

ಧ್ವನಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎಚ್‌ಡಿಎಂಐ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಧ್ವನಿಯನ್ನೂ ಆ ಕಡೆ ಕಳಿಸುವುದುಂಟು. ಮೈಕ್‌ಸೆಟ್ಟಿನವರಿಗೆ ಏನೂ ಬರುವುದಿಲ್ಲ, ಅವರು ತಮ್ಮ ವೈರ್ ತಡಕಾಡುತ್ತಾರೆ. ಕೆಳಗಿನ ಸ್ಪೀಕರ್ ಗುರುತು ಒತ್ತಿ ಧ್ವನಿ ಹೊರಡುವ ದಾರಿಯನ್ನು ಲ್ಯಾಪ್‌ಟಾಪಿನ ಸ್ಪೀಕರಿಗೇ ತಿರುಗಿಸಿ. ಪವರ್ ಸೆಟ್ಟಿಂಗಿನಲ್ಲಿ ಪರದೆ ಆರುವ ಸಮಯ ‘ನೆವರ್’ ಇರಲಿ. ಎಚ್‌ಡಿಎಂಐ ಕೇಬಲ್ ಉದ್ದವಾದಷ್ಟೂ ಚಿತ್ರ ಮಿಣಮಿಣ ಅನ್ನುವ ಸಂಭವ ಹೆಚ್ಚು. ಸಾಮಾನ್ಯ ಕೇಬಲ್ಲನ್ನು ಹದಿನೈದು ಮೀಟರಿನಾಚೆ ನಂಬಬೇಡಿ. ಪ್ರೊಸೆಸರ್ ಪೆಟ್ಟಿಗೆಯನ್ನೇ ನಿಮ್ಮ ಹತ್ತಿರ ಇರಿಸಿಕೊಂಡು, ಗೋಡೆಗೆ ಹೋಗುವ ನೆಟ್‌ವರ್ಕ್ ಕೇಬಲ್ ಉದ್ದ ಬಿಡಲು ಎಲ್‌ಇಡಿಯವರಿಗೆ ಹೇಳಿ. ಕನ್ನಡ ಪದಗಳಿಗೆ ದಪ್ಪ ಅಕ್ಷರ, ಒಂದು ಸಲಕ್ಕೆ ಮೂರು ನಾಲ್ಕು ಸಾಲು ಸಾಕು. ಅಷ್ಟು ಕಡಿಮೆ ಚುಕ್ಕೆಗಳಲ್ಲಿ ಒತ್ತಕ್ಷರಗಳು ಸಣ್ಣದಾದರೆ ದೂರದಿಂದ ಕಲಸಿದಂತೆ ಕಾಣುತ್ತವೆ.

ಸುರಪುರ ಶೈಲಿಯ ಹಳೆಯ ಚಿತ್ರಗಳ ಫೋಟೋ ತೆಗೆದು ಫೋಟೋಶಾಪಿನಲ್ಲಿ ಸರಿಪಡಿಸುತ್ತಿದ್ದೇನೆ. ಎರಡು ಮಾನಿಟರ್ ಇವೆ, ಒಂದು ಹಳೆಯದು, ಒಂದು ಹೊಸದು. ಒಂದರಲ್ಲಿ ಗೆರೆ ತಿದ್ದುತ್ತಾ ಇನ್ನೊಂದರಲ್ಲಿ ಇಡೀ ಚಿತ್ರವನ್ನು ಫುಲ್ ಸ್ಕ್ರೀನ್ ಆಗಿ ನೋಡುತ್ತಿರಬೇಕು. ಚಿನ್ನದ ಬಣ್ಣ ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಕೆಂಪು ಕಾಣುತ್ತದೆ. ಯಾವುದನ್ನು ನಂಬಲಿ?
— ಫೋಟೋ ಸ್ಟುಡಿಯೋ ನಡೆಸುವವರು, ರಂಗಂಪೇಟೆ

ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಆ ಚಿತ್ರಗಳ ಜೀವ ಇರುವುದೇ ಕೂದಲೆಳೆಯ ಗೆರೆ ಮತ್ತು ಚಿನ್ನದ ಬಣ್ಣದಲ್ಲಿ. ನೀವು ಮಾಡುತ್ತಿರುವುದು ಬೆಲೆಯುಳ್ಳ ಕೆಲಸ.

ಫೋಟೋಶಾಪಿನಲ್ಲಿ ‘ವಿಂಡೋ’ ಮೆನುವಿನ ‘ಅರೇಂಜ್’ ಒಳಗೆ ‘ನ್ಯೂ ವಿಂಡೋ’ ಇದೆ. ಅದು ಅದೇ ಫೈಲಿಗೆ ಇನ್ನೊಂದು ಕಿಟಕಿ ತೆರೆಯುತ್ತದೆ, ಪ್ರತಿ ಮಾಡುವುದಿಲ್ಲ. ಆ ಕಿಟಕಿಯನ್ನು ಎರಡನೇ ಮಾನಿಟರಿಗೆ ಎಳೆದು ಚಿತ್ರ ಪೂರ್ತಿ ಕಾಣುವಂತೆ ಹಿಗ್ಗಿಸಿಡಿ. ಮೊದಲನೆಯದರಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ಒಂದು ಗೆರೆ ತಿದ್ದಿದರೆ ಎರಡನೆಯದರಲ್ಲಿ ಅದರ ಪರಿಣಾಮ ಇಡೀ ಚಿತ್ರದ ನಡುವೆ ಕಾಣುತ್ತದೆ.

ಬಣ್ಣಕ್ಕೆ ಹೊಸ ಮಾನಿಟರ್ ಐಪಿಎಸ್ ಬಗೆಯದಾದರೆ ಅದನ್ನೇ ನಂಬಿ. ಹಳೆಯ ಟಿಎನ್ ಬಗೆಯ ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತದೆ. ಅಲ್ಲಿ ಗೆರೆ ತಿದ್ದಿ, ಟೂಲ್‌ಗಳ ಪಟ್ಟಿ ಇಟ್ಟುಕೊಳ್ಳಿ. ಹೊಸದರ ಮೆನುವಿನಲ್ಲಿ ‘ಎಸ್‌ಆರ್‌ಜಿಬಿ’ ಆರಿಸಿ, ರಾತ್ರಿ ಹಳದಿ ಬೆಳಕು ತರುವ ‘ನೈಟ್ ಲೈಟ್’ ಆಫ್ ಇರಲಿ. ಎರಡೂ ಮಾನಿಟರ್ ತಮ್ಮ ತಮ್ಮ ಮೂಲ ರೆಸಲ್ಯೂಷನ್‌ನಲ್ಲೇ ಇರಬೇಕು. ಹಳೆಯದನ್ನು ಹೊಂದಿಸಲೆಂದು ಹೊಸದರ ರೆಸಲ್ಯೂಷನ್ ಇಳಿಸಿದರೆ ಆ ಕೂದಲೆಳೆಯ ಗೆರೆಗಳು ಮಸುಕಾಗುತ್ತವೆ. ಕೊನೆಗೆ ಒಂದು ತುಂಡನ್ನು ಪ್ರಿಂಟ್ ಹಾಕಿಸಿ ಮೂಲ ಚಿತ್ರದ ಪಕ್ಕದಲ್ಲಿ ಹಗಲು ಬೆಳಕಿನಲ್ಲಿ ಇಟ್ಟು ನೋಡಿ. ಚಿನ್ನ ಹೊಳೆಯುವುದು ಬೆಳಕು ಬಿದ್ದ ಕೋನದಿಂದ. ಆ ಹೊಳಪನ್ನು ಯಾವ ಮಾನಿಟರೂ ಪೂರ್ತಿ ತೋರಿಸಲಾರದು.

ನಮ್ಮ ಪ್ರೌಢಶಾಲೆಯ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಇದೆ. ಪ್ರೊಜೆಕ್ಟರ್ ಜೋಡಿಸಿ ಪಾಠದ ಸ್ಲೈಡ್ ಹಾಕಿದರೆ ಸ್ಲೈಡು ನನ್ನ ಕಡೆ, ನನ್ನ ಟಿಪ್ಪಣಿಗಳು ಮಕ್ಕಳ ಕಡೆ ಕಾಣುತ್ತವೆ. ತಿರುಗಿಸುವುದು ಹೇಗೆ?
— ವಿಜ್ಞಾನ ಶಿಕ್ಷಕಿ, ಕಕ್ಕೇರಾ

‘ಸ್ಲೈಡ್ ಶೋ ಸೆಟ್ಟಿಂಗ್ಸ್’ ತೆರೆದು ‘ಪ್ರೆಸೆಂಟೇಷನ್ ಡಿಸ್‌ಪ್ಲೇ’ ಎಂಬಲ್ಲಿ ಪ್ರೊಜೆಕ್ಟರ್ ಇರುವ ಡಿಸ್‌ಪ್ಲೇ ಆರಿಸಿ. ಪಾಠದ ನಡುವೆಯೇ ಅದಲುಬದಲಾದರೆ ಟಿಪ್ಪಣಿಗಳ ಪರದೆಯ ಕೆಳಗೆ ‘ಎಕ್ಸ್‌ಚೇಂಜ್’ ಗುಂಡಿ ಇರುತ್ತದೆ. ಪವರ್‌ಪಾಯಿಂಟ್ ಬಳಸುವ ಶಿಕ್ಷಕರಿಗೆ ಇದೇ ಕೆಲಸಕ್ಕೆ ‘ಸ್ಲೈಡ್ ಶೋ’ ಪಟ್ಟಿಯಲ್ಲಿ ‘ಮಾನಿಟರ್’ ಎಂಬ ಆಯ್ಕೆ ಇದೆ.

ಮೇಡಂ, ಪಾಠ ಮಾಡುವಾಗ ಬಹಳ ಉಪಯೋಗಕ್ಕೆ ಬರುವ ಕೀ ಇನ್ನೊಂದಿದೆ. ಸ್ಲೈಡ್ ನಡೆಯುತ್ತಿರುವಾಗ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಚಿತ್ರ ವಾಪಸ್ ಬರುತ್ತದೆ. ಎರಡೂ ತಂತ್ರಾಂಶಗಳಲ್ಲಿ ಹೀಗೆಯೇ. ಪ್ರಶ್ನೆ ಕೇಳಿ ಪರದೆ ಕಪ್ಪು ಮಾಡಿ ನಿಂತರೆ ಮಕ್ಕಳ ಕಣ್ಣು ಗೋಡೆಯಿಂದ ನಿಮ್ಮ ಕಡೆ ತಿರುಗುತ್ತದೆ. ಸ್ಲೈಡುಗಳಲ್ಲಿ ಕನ್ನಡವನ್ನು ಯುನಿಕೋಡಿನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ಬೆಂಗಳೂರಿನ ಕಂಪನಿಗೆ ತಿಂಥಣಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮ್ಯಾಕ್‌ಬುಕ್, ಜತೆಗೊಂದು ಮಾನಿಟರ್. ಮೀಟಿಂಗ್ ಫುಲ್ ಸ್ಕ್ರೀನ್ ಆದರೆ ಇನ್ನೊಂದು ಪರದೆ ಪೂರ್ತಿ ಕಪ್ಪಾಗುತ್ತದೆ. ಮಾನಿಟರ್ ಕೆಟ್ಟಿದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ತಿಂಥಣಿ

ಕೆಟ್ಟಿಲ್ಲ, ಅಮ್ಮಾ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಡೆಸ್ಕ್‌ಟಾಪ್ ಅಂಡ್ ಡಾಕ್’ ತೆರೆದು ಕೆಳಗೆ ‘ಮಿಷನ್ ಕಂಟ್ರೋಲ್’ವರೆಗೆ ಇಳಿದರೆ ‘ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್’ ಎಂದಿದೆ. ಅದನ್ನು ಆನ್ ಮಾಡಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಪ್ರತಿ ಪರದೆಗೂ ತನ್ನದೇ ಜಾಗ ಸಿಗುತ್ತದೆ, ಒಂದು ತುಂಬಿದರೆ ಇನ್ನೊಂದು ಆರುವುದಿಲ್ಲ. 2011ರಲ್ಲಿ ಆಪಲ್ ‘ಲಯನ್’ ಆವೃತ್ತಿಯಲ್ಲಿ ಫುಲ್ ಸ್ಕ್ರೀನ್ ತಂದಾಗ ಎರಡು ಮಾನಿಟರ್ ಇದ್ದವರೆಲ್ಲ ಇದೇ ತೊಂದರೆ ಅನುಭವಿಸಿದರು. 2013ರ ‘ಮಾವರಿಕ್ಸ್’ನಲ್ಲಿ ಈ ಆಯ್ಕೆ ಬಂತು. ಇದನ್ನು ಆಫ್ ಇಡುವವರೂ ಇದ್ದಾರೆ. ಉದ್ದದ ಎಕ್ಸೆಲ್ ಹಾಳೆಯನ್ನು ಎರಡೂ ಪರದೆಗೆ ಹಾಸಿ ನೋಡಬೇಕಾದವರಿಗೆ ಅದು ಆಫ್ ಇದ್ದರೇ ಅನುಕೂಲ.

ಜೂಮ್ ಬಳಸುವುದಾದರೆ ಅದರ ಸೆಟ್ಟಿಂಗಿನಲ್ಲಿ ಮೀಟಿಂಗ್ ಸೇರಿದ ಕೂಡಲೇ ತಾನಾಗಿ ಫುಲ್ ಸ್ಕ್ರೀನ್ ಆಗುವ ಗುರುತು ತೆಗೆದು, ‘ಯೂಸ್ ಡ್ಯುಯಲ್ ಮಾನಿಟರ್ಸ್’ ಆನ್ ಮಾಡಿ. ಮುಖಗಳು ಒಂದರಲ್ಲಿ, ಹಂಚಿಕೊಂಡ ಸ್ಕ್ರೀನ್ ಇನ್ನೊಂದರಲ್ಲಿ ಬರುತ್ತವೆ. ನೀವು ಸ್ಕ್ರೀನ್ ಹಂಚುವಾಗ ಇಡೀ ಡೆಸ್ಕ್‌ಟಾಪ್ ಬದಲು ಒಂದು ವಿಂಡೋ ಮಾತ್ರ ಆರಿಸಿ. ಮೇಲೆ ಸೇವಾ ಕೇಂದ್ರದವರಿಗೆ ಹೇಳಿದ ಕಾರಣವೇ ಇಲ್ಲಿಯೂ.

ಕರೆಂಟ್ ಹೋಗಿ ಬಂದಾಗಲೆಲ್ಲ ಎರಡನೇ ಮಾನಿಟರಿನಲ್ಲಿದ್ದ ವಿಂಡೋಗಳು ಮೊದಲನೆಯದಕ್ಕೆ ಬಂದು ಬೀಳುತ್ತವೆ. ಕೆಲವು ಟಾಸ್ಕ್‌ಬಾರಿನಲ್ಲಿ ಇವೆ ಎಂದು ತೋರಿಸುತ್ತವೆ, ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲ.
— ಗೊಬ್ಬರದ ಅಂಗಡಿಯವರು, ಹುಣಸಗಿ

ನಿಮ್ಮ ಯುಪಿಎಸ್‌ಗೆ ಸಿಪಿಯು ಮತ್ತು ಒಂದು ಮಾನಿಟರ್ ಮಾತ್ರ ಸೇರಿಸಿರಬೇಕು. ಎರಡನೇ ಮಾನಿಟರ್ ಆರಿದ ಕೂಡಲೇ ಅದು ಬಿಚ್ಚಿಹೋಯಿತು ಎಂದು ಕಂಪ್ಯೂಟರ್ ತಿಳಿದು ಅಲ್ಲಿದ್ದ ಸಾಮಾನನ್ನೆಲ್ಲ ಈ ಕಡೆ ತರುತ್ತದೆ. ಎಲ್‌ಇಡಿ ಮಾನಿಟರ್ ಎಳೆಯುವ ಕರೆಂಟ್ ಕಡಿಮೆಯೇ. ಯುಪಿಎಸ್ ತಾಳುವುದಾದರೆ ಅದನ್ನೂ ಅಲ್ಲಿಗೇ ಚುಚ್ಚಿ, ಅರ್ಧಕ್ಕಿಂತ ಹೆಚ್ಚು ತೊಂದರೆ ಅಲ್ಲಿಗೇ ತೀರುತ್ತದೆ. ವಿಂಡೋಸ್ 11 ಆಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನ ‘ಮಲ್ಟಿಪಲ್ ಡಿಸ್‌ಪ್ಲೇಸ್’ನಲ್ಲಿ ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋದ ಜಾಗ ನೆನಪಿಡುವ ಆಯ್ಕೆ ಇದೆ. ಅದನ್ನು ಆನ್ ಇಟ್ಟರೆ ಮಾನಿಟರ್ ಹೊತ್ತಿಕೊಂಡಾಗ ವಿಂಡೋಗಳು ತಮ್ಮ ಜಾಗಕ್ಕೆ ಹೋಗುತ್ತವೆ.

ಕಾಣೆಯಾದ ವಿಂಡೋ ತರಲು ಟಾಸ್ಕ್‌ಬಾರಿನಲ್ಲಿ ಅದರ ಮೇಲೆ ಒಮ್ಮೆ ಒತ್ತಿ, ವಿಂಡೋಸ್ ಕೀ, ಶಿಫ್ಟ್ ಹಿಡಿದು ಎಡ ಬಾಣ ಒತ್ತಿ. ಬರಲಿಲ್ಲವೆಂದರೆ ಆಲ್ಟ್ ಹಿಡಿದು ಸ್ಪೇಸ್‌ಬಾರ್, ಆಮೇಲೆ ಎಂ, ಆಮೇಲೆ ಯಾವುದಾದರೊಂದು ಬಾಣ. ಈಗ ಮೌಸ್ ಅಲುಗಿಸಿದರೆ ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತದೆ. ಬೇಕಾದಲ್ಲಿ ಒತ್ತಿ ಬಿಡಿ. ಕರೆಂಟ್ ಬಂದ ಮೇಲೆ ಪರದೆ ಪೂರ್ತಿ ಕಪ್ಪಾಗಿ ಉಳಿದರೆ, ಸ್ವಿಚ್ ಆಫ್ ಮಾಡುವ ಮುಂಚೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ ನೋಡಿ. ಅದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರು ಮಾಡುತ್ತದೆ. ನೀವು ಬರೆಯುತ್ತಿದ್ದ ಬಿಲ್ಲು ಇದ್ದಲ್ಲೇ ಇರುತ್ತದೆ.